ಲೆನ್ ಎದ್ದ ಕುರ್ಚಿಗೆ ನಮ್ಮನೆ ಅಳಿಯ

ಮಂಗಳವಾರ, ೧೧ ಅಕ್ಟೋಬರ್ ೧೯೯೪

ಲೆನ್ ಕ್ರಾಸ್‌ಡೇಲ್‌ನನ್ನು ಮ್ಯಾನೇಜರ್ ಕೆಲಸದಿಂದ ಕಿತ್ತುಹಾಕಿದ್ದಾರೆ. ಕಿತ್ತವನು ಯಾರು? ಕ್ಲೈವ್ ಸ್ಪೆಲ್ಮನ್. ಊರಿಗೆಲ್ಲ ಕಕ್ಕಸಿನ ಬೋಗುಣಿ, ಕೈತೊಳೆಯುವ ಬೇಸಿನ್ನು ಮಾರಿ ಕೊಬ್ಬಿ, ನಮ್ಮ ಸ್ಟಾನ್‌ಬೆಕ್ ಟೌನ್ ಫುಟ್‌ಬಾಲ್ ಕ್ಲಬ್ಬಿಗೆ ಚೇರ್ಮನ್ ಆಗಿ ಕೂತವನು. ಚೆಂಡು ದುಂಡಗಿರುತ್ತದೆ ಅನ್ನುವುದೊಂದು ಬಿಟ್ಟರೆ ಆಟದ ಬಗ್ಗೆ ಆ ಮನುಷ್ಯನಿಗೆ ಏನೂ ತಿಳಿಯದು. ಅದನ್ನೂ ಯಾರೋ ಹೇಳಿಕೊಟ್ಟಿರಬೇಕು.

ಬೆಳಿಗ್ಗೆ ಮಾರ್ಕೆಟ್ಟಿನಲ್ಲಿ ನಾನು ಚೀಸ್ ಕೊಯ್ಯುತ್ತಿದ್ದೆ. ಎದುರಿನ ಅಂಗಡಿಯ ಬರ್ನಾರ್ಡ್ ಹಾಗ್, ಬೀಗದ ಕೈ ಮಾಡಿಕೊಡುವವನು, ಕಣ್ಣು ಒರೆಸಿಕೊಳ್ಳುತ್ತ ಬಂದ.

"ಹಿಲ್ಡಾ, ಮುಗೀತು ಕಣೇ. ಲೆನ್‌ನ ಓಡಿಸಿಬಿಟ್ರು."

ಇದೇ ಬರ್ನಾರ್ಡ್ ಕಳೆದ ಶನಿವಾರ ಮೈದಾನದ ಸ್ಟ್ಯಾಂಡಿನಲ್ಲಿ ನನ್ನ ಹಿಂದೆಯೇ ನಿಂತು, "ಲೆನ್, ಮನೆಗೆ ಹೋಗಿ ಟೊಮೇಟೊ ಬೆಳೆಯೋ!" ಅಂತ ಗಂಟಲು ಹರಿದುಕೊಂಡಿದ್ದ. ನೆನಪು ಮಾಡಿದೆ.

"ಅದು ಪ್ರೀತಿಯಿಂದ ಅಂದಿದ್ದು," ಅಂದ.

ಸತ್ತ ಎಮ್ಮೆಗೆ ಸೇರು ಹಾಲು. ಮಧ್ಯಾಹ್ನದ ಹೊತ್ತಿಗೆ ಇಡೀ ಮಾರ್ಕೆಟ್ಟು ಸಾವಿನ ಮನೆಯಾಗಿತ್ತು. ಮೂರು ವಾರದಿಂದ ಲೆನ್‌ಗೆ ಶಾಪ ಹಾಕುತ್ತಿದ್ದವರೇ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ನನಗೆ ಇಂಥ ಅಳು ಕಂಡರೆ ಆಗುವುದಿಲ್ಲ.

ನನ್ನದು ಬೇರೆ ಮಾತು. ಲೆನ್ ನಮ್ಮನ್ನು ಪಾತಾಳದಿಂದ ಎತ್ತಿ ತಂದವನು. ವಾಲ್ಟರ್ ತೀರಿಕೊಂಡಾಗ ಚರ್ಚಿನ ಬಾಗಿಲಲ್ಲಿ ಟೊಪ್ಪಿ ತೆಗೆದು ಮಳೆಯಲ್ಲಿ ನಿಂತಿದ್ದ. ನನ್ನ ಗಂಡನ ಸಾವಿಗೆ ಸ್ವಂತ ತಮ್ಮನೇ ಬರಲಿಲ್ಲ, ಲೆನ್ ಬಂದ. ಅದನ್ನು ಮರೆಯುವವಳಲ್ಲ ನಾನು.

ಸಂಜೆ ಮಗಳಿಗೆ ಫೋನ್ ಮಾಡಿದೆ. ರೋಡಾ ಯಾಕೋ ಮಾತು ನುಂಗುತ್ತಿದ್ದಳು. ರಸೆಲ್ ಇನ್ನೂ ಮೈದಾನದಿಂದ ಬಂದಿಲ್ಲ ಅಂದಳು. ರಸೆಲ್ ಅಂದರೆ ಅವಳ ಗಂಡ, ಲೆನ್‌ಗೆ ಸಹಾಯಕ. ಪಾಪ, ಧಣಿಯ ಸಾಮಾನು ಕಟ್ಟಿಕೊಡುತ್ತಿರಬೇಕು ಅಂದುಕೊಂಡೆ.

ಬುಧವಾರ, ೧೨ ಅಕ್ಟೋಬರ್

ಸಾಮಾನು ಕಟ್ಟುತ್ತಿರಲಿಲ್ಲ. ಕುರ್ಚಿ ಒರೆಸುತ್ತಿದ್ದ.

ಸಂಜೆಯ ಪತ್ರಿಕೆಯ ಕೊನೇ ಪುಟದಲ್ಲಿ ಫೋಟೋ. ಸ್ಪೆಲ್ಮನ್ ಪಕ್ಕದಲ್ಲಿ ನನ್ನ ಅಳಿಯ ರಸೆಲ್ ಟಾಫ್ಟ್, ಹಲ್ಲು ಕೀಳಿಸಿಕೊಳ್ಳಲು ಬಂದವನ ಹಾಗೆ ಬಾಯಿ ಬಿಗಿದುಕೊಂಡು ನಿಂತಿದ್ದಾನೆ. 'ಮುಂದಿನ ತೀರ್ಮಾನದವರೆಗೆ ತಂಡದ ಹೊಣೆ ಟಾಫ್ಟ್‌ಗೆ.' ರೋಡಾಳನ್ನು ಹೆತ್ತ ತಾಯಿ ನಾನು, ಇದನ್ನು ಪತ್ರಿಕೆಯಲ್ಲಿ ಓದಬೇಕು!

ಉಂಡ ಮನೆಗೆ ಎರಡು ಬಗೆಯುವುದು ಅಂದರೆ ಇದೇ. ಮಂಡಿ ಮುರಿದು ಆಟ ಬಿಟ್ಟು, ಮಾರ್ಫರ್ಡ್ ರಸ್ತೆಯ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತಿದ್ದವನನ್ನು ಕರೆದು ಕೆಲಸ ಕೊಟ್ಟವನು ಲೆನ್. ಅವನ ಕುರ್ಚಿಯ ಬಿಸಿ ಆರುವ ಮುಂಚೆ ಇವನು ಕೂತ.

ಅಳಿಯನ ಕುರುಡು ಬೆಳಗಾದರೆ ಗೊತ್ತಾಗುತ್ತದಂತೆ. ನನಗೆ ಮದುವೆಯ ದಿನವೇ ಗೊತ್ತಿತ್ತು. ಉಪ್ಪಿಲ್ಲದ ಗಂಜಿಯಂಥ ಮನುಷ್ಯ. ಮಾತಾಡಿಸಿದರೆ ಉತ್ತರ, ಇಲ್ಲದಿದ್ದರೆ ಗೋಡೆ. ಲೆನ್ ಒಂದು ಕೋಣೆಗೆ ಕಾಲಿಟ್ಟರೆ ಕೋಣೆ ನಗುತ್ತಿತ್ತು. ಇವನು ಕಾಲಿಟ್ಟರೆ ಯಾರೋ ಕಿಟಕಿ ತೆರೆದಿಟ್ಟಿದ್ದಾರೇನೋ ಅಂತ ಜನ ತಿರುಗಿ ನೋಡುತ್ತಾರೆ.

ಶನಿವಾರ, ೧೫ ಅಕ್ಟೋಬರ್

ಸೋತೆವು. ೦–೩. ಗಂಟಲು ಪೂರ್ತಿ ಹೋಗಿದೆ, ಅದಕ್ಕೇ ಬರೆಯುವುದು ಸುಲಭ.

ಪಂದ್ಯಕ್ಕೆ ಮುಂಚೆ ಗೇಟಿನ ಹೊರಗೆ ಪ್ರತಿಭಟನೆ. ನಾನು ಹಿಡಿದ ರಟ್ಟಿನ ಮೇಲೆ 'ಸ್ಪೆಲ್ಮನ್, ನಿನ್ನ ಬೋಗುಣಿಯಲ್ಲೇ ಮುಳುಗು' ಅಂತ ಬರೆದಿತ್ತು. ನಾಲ್ಕು ಜನ ಫೋಟೋ ತೆಗೆದುಕೊಂಡರು. ಒಳಗೆ ಹೋದಮೇಲೆ ಆಟ ಯಾರು ನೋಡಿದರು? ಇಡೀ ಸ್ಟ್ಯಾಂಡು ಲೆನ್ ಹೆಸರು ಹಾಡುತ್ತಿತ್ತು, ಹಾಡಿನ ಮಧ್ಯೆ ಉಸಿರು ತಗೊಳ್ಳುವಾಗ ರಸೆಲ್‌ನನ್ನು ಬೈಯುತ್ತಿತ್ತು. "ದ್ರೋಹಿ, ದ್ರೋಹಿ" ಅಂತ ತಾಳ ಹಾಕಿಕೊಂಡು. ನಾನೂ ಕೂಗಿದೆ. ಯಾಕೆ ಕೂಗಬಾರದು? ಹನ್ನೊಂದು ವರ್ಷದ ಹುಡುಗಿಯಾಗಿದ್ದಾಗಿನಿಂದ ಅದೇ ಜಾಗದಲ್ಲಿ ನಿಂತವಳು ನಾನು.

ಪಕ್ಕದಲ್ಲಿ ಯಾವತ್ತಿನಂತೆ ಆಗ್ನೆಸ್. ಶಾಲೆಯಿಂದ ಜೊತೆಗಿದ್ದವಳು. ನನ್ನ ತೋಳು ಜಗ್ಗಿದಳು.

"ಅವನು ನಿನ್ನ ಮಗಳ ಗಂಡ ಕಣೇ."

"ಮೂರು ಗಂಟೆಯಿಂದ ಐದು ಗಂಟೆವರೆಗೆ ಅಲ್ಲ," ಅಂದೆ.

ಎಡಗಡೆ ಬಾಗಿಲು ತೆಗೆದಿಟ್ಟ ಹಾಗೆ ಬಿಟ್ಟಿದ್ದ ಪುಣ್ಯಾತ್ಮ. ಮೂರು ಗೋಲೂ ಅಲ್ಲಿಂದಲೇ ಬಂದವು. "ಎಡಗಡೆ ನೋಡೋ ಗೂಬೆ!" ಅಂತ ಕೂಗಿ ಕೂಗಿಯೇ ಗಂಟಲು ಹೋಗಿದ್ದು.

ಭಾನುವಾರ, ೧೬ ಅಕ್ಟೋಬರ್

ರೋಡಾ, ರಸೆಲ್ ಊಟಕ್ಕೆ ಬರುವುದಿಲ್ಲ ಅಂದುಕೊಂಡಿದ್ದೆ. ಬಂದರು. ಭಾನುವಾರ ಮಧ್ಯಾಹ್ನ ಅವರಿಬ್ಬರೂ ಬರುವುದು ವಾಡಿಕೆ. ಸೋತವನಿಗೆ ನಾಚಿಕೆ ಬೇಡವೇ?

ಮಾಂಸದ ಸೀದ ಅಂಚನ್ನು ರಸೆಲ್ ತಟ್ಟೆಗೆ ಹಾಕಿದೆ. ಅದನ್ನೇ ಸಣ್ಣ ಸಣ್ಣ ತುಂಡು ಮಾಡಿಕೊಂಡು ತಿಂದ. ಬೈದರೆ ತಿರುಗಿ ಬೈಯುವವನ ಮೇಲಾದರೂ ಗೌರವ ಹುಟ್ಟುತ್ತದೆ. ಇವನ ಜೊತೆ ಜಗಳ ಆಡುವುದೂ ಒಂದೇ, ಒದ್ದೆ ಟವೆಲ್‌ಗೆ ಗುದ್ದುವುದೂ ಒಂದೇ.

ಆಮೇಲೆ ಅವನೇ ಬಾಯಿ ಬಿಟ್ಟ. "ಅತ್ತೆ, ಗಂಟಲಿಗೆ ಬಿಸಿ ನೀರು, ಜೇನುತುಪ್ಪ ತಗೊಳ್ಳಿ."

"ನನ್ನ ಗಂಟಲಿಗೆ ಏನಾಗಿದೆ?"

"ನಿನ್ನೆ ಕೇಳಿಸ್ತು. ಎಡಗಡೆ ಅಂತ ಹೇಳ್ತಿದ್ರಲ್ಲ. ನೀವು ಹೇಳಿದ್ದು ಸರಿ. ನಾನು ತಡವಾಗಿ ನೋಡ್ಕೊಂಡೆ."

ಅಷ್ಟು ಜನರ ಗದ್ದಲದಲ್ಲಿ ನನ್ನ ದನಿ ಕೇಳಿಸಿತಂತೆ! ಎಡಗಡೆ ಅಂದದ್ದು ಕೇಳಿಸಿದವನಿಗೆ ಉಳಿದದ್ದೂ ಕೇಳಿಸಿರಬೇಕು. ರೋಡಾ ತಟ್ಟೆಯನ್ನೇ ನೋಡುತ್ತಿದ್ದಳು. ನಾನು ಬಿಡುವವಳಲ್ಲ. "ಆ ಕೆಲಸ ಯಾಕೆ ಒಪ್ಕೊಂಡೆ? ಲೆನ್ ಜೊತೆ ಎದ್ದು ಬರಬೇಕಾಗಿತ್ತು. ಮಾನ ಇದ್ದವರು ಹಾಗೆ ಮಾಡ್ತಾರೆ," ಅಂದೆ.

ಫೋರ್ಕು ಕೆಳಗಿಟ್ಟು ಯೋಚಿಸಿದ. "ಶನಿವಾರ ಪಂದ್ಯ ಇತ್ತು ಅತ್ತೆ. ಯಾರಾದರೂ ತಂಡ ಇಳಿಸಬೇಕಿತ್ತು," ಅಂದ.

ಇದೂ ಒಂದು ಉತ್ತರ! ರೋಡಾ ಎದ್ದು ಕೋಟು ಹಾಕಿಕೊಂಡಳು. ಅವನು ಹೋಗುವ ಮುಂಚೆ ಪಾತ್ರೆ ಒರೆಸಿಟ್ಟು ಹೋದ. ಜಗಳಕ್ಕೂ ಸಿಗದ ಮನುಷ್ಯ.

ಗುರುವಾರ, ೨೭ ಅಕ್ಟೋಬರ್

ಮತ್ತೆ ಎರಡು ಸೋಲು. ಬರೆಯುವುದಕ್ಕೂ ಬೇಸರ.

ಇವತ್ತು ಬೆಳಿಗ್ಗೆ ಮಾರ್ಕೆಟ್ಟಿಗೆ ಹೋಗುವಾಗ ರೋಡಾಳ ಕೂದಲು ಕತ್ತರಿಸುವ ಅಂಗಡಿಯ ಮುಂದೆ ಹಾದು ಹೋದೆ. ಬಾಗಿಲಿನ ತಗಡಿನ ಮೇಲೆ ಯಾರೋ ಕೆಂಪು ಬಣ್ಣದಲ್ಲಿ ಆಳುದ್ದ ಬರೆದಿದ್ದಾರೆ. ದ್ರೋಹಿ ಅಂತ ಬರೆಯಲು ಹೋಗಿ 'ದೋಹಿ' ಅಂತ ಬರೆದಿದ್ದಾರೆ. ಊರಿನ ಶಾಲೆಗಳ ಗತಿ ನೋಡಿ! ಐದು ವರ್ಷ ಮೇಷ್ಟ್ರ ತಲೆ ತಿಂದು ಎರಡಕ್ಷರ ನೆಟ್ಟಗೆ ಕಲಿಯಲಿಲ್ಲ, ಇವರು ಕ್ಲಬ್ಬಿನ ಮಾನ ಕಾಯುತ್ತಾರಂತೆ.

ಬರ್ನಾರ್ಡ್ ಅಂಗಡಿಯಿಂದ ಬಣ್ಣ ಬಿಡಿಸುವ ಟರ್ಪೆಂಟೈನು, ಬ್ರಷ್ಷು ತಗೊಂಡು ಹೋಗಿ ಉಜ್ಜಿದೆ. ಅಂಥ ಬರಹ ಬೀದಿಯಲ್ಲಿ ಇರಬಾರದು ಅಂತ, ಅಷ್ಟೆ. ರೋಡಾ ಬರುವ ಹೊತ್ತಿಗೆ ಒಣಗಿತ್ತು. ಅವಳಿಗೆ ಹೇಳಲಿಲ್ಲ, ಹೇಳುವುದೇನಿದೆ?

ಈ ವಾರ ಅವಳ ಗಿರಾಕಿಗಳು ಒಬ್ಬೊಬ್ಬರಾಗಿ ಫೋನ್ ಮಾಡಿ ಬರುವುದಿಲ್ಲ ಅಂದರಂತೆ. ಆಗ್ನೆಸ್ ಹೇಳಿದಳು. ಆಗ್ನೆಸ್ ತಾನು ಹೋಗಿ ಕೂದಲಿಗೆ ಸುರುಳಿ ಹಾಕಿಸಿಕೊಂಡು ಬಂದಿದ್ದಾಳೆ. ಕುರಿಯ ಹಾಗೆ ಕಾಣುತ್ತಾಳೆ.

ಶನಿವಾರ, ೫ ನವೆಂಬರ್

ಪ್ರತಿ ವರ್ಷದಂತೆ ಬೆಂಕಿ ಹಬ್ಬ. ಬ್ರೂವರಿಯ ಹಿಂದಿನ ಬಯಲಿನಲ್ಲಿ ಸೌದೆ ಒಟ್ಟಿ, ಮೇಲೆ ಹುಲ್ಲಿನ ಬೊಂಬೆ ಕೂರಿಸಿ ಸುಡುವುದು. ಈ ಸಲದ ಬೊಂಬೆ ರಸೆಲ್ ಆಗಬೇಕು ಅಂತ ಅಭಿಮಾನಿ ಸಂಘದ ಘನ ನಿರ್ಣಯ. ನಿನ್ನೆ ಬರ್ನಾರ್ಡ್ ಬಂದು ಹಲ್ಲು ಕಿರಿದ. "ಹಿಲ್ಡಾ, ನಿನ್ನ ಅಳಿಯನ ಹಳೇ ಕೋಟು ಏನಾದ್ರೂ ಬಿದ್ದಿದ್ಯಾ? ನಿಜವಾದ್ದೇ ಇದ್ರೆ ಮಜಾ."

ನಮ್ಮ ಹಿಂಬಾಗಿಲ ಗೂಟದಲ್ಲಿ ಅವನ ನೀಲಿ ಕೋಟು ನೇತಾಡುತ್ತಿತ್ತು. ತೆಗೆದುಕೊಟ್ಟೆ. ಎಲ್ಲರೂ ನಕ್ಕರು, ನನ್ನ ಬೆನ್ನು ತಟ್ಟಿದರು.

ಬೊಂಬೆ ಮಾಡಿದವರಿಗೆ ಕೈಯಲ್ಲಿ ಕಸುಬಿಲ್ಲ. ಒಂದು ಕಾಲು ಉದ್ದ, ಒಂದು ಗಿಡ್ಡ. ತಲೆಗೆ ಹಿಟ್ಟಿನ ಚೀಲ. ಕೋಟು ಮಾತ್ರ ನೆಟ್ಟಗೆ ಕೂತಿತ್ತು, ಎರಡನೇ ಗುಂಡಿ ಕಂದು ಬಣ್ಣದ್ದು. ಉಳಿದ ಗುಂಡಿಗಳಿಗೆ ಹೊಂದುವುದು ಸಿಗದೆ ಹೋದ ಚಳಿಗಾಲ ನಾನೇ ಹೊಲಿದದ್ದು. ಬೆಂಕಿ ಹತ್ತಿದಾಗ ಜನ ಕೇಕೆ ಹಾಕಿದರು. ತೋಳು ಮೊದಲು ಹತ್ತಿಕೊಂಡಿತು.

ಪಕ್ಕದಲ್ಲಿ ಯಾರೋ ನಿಂತ ಹಾಗಾಯಿತು. ರೋಡಾ. ಬರುತ್ತಾಳೆ ಅಂತ ನಾನು ಅಂದುಕೊಂಡಿರಲಿಲ್ಲ.

"ಅಮ್ಮ, ಅದು ರಸೆಲ್ ಕೋಟಲ್ವಾ?"

"ಹಳೇದು."

"ಅದನ್ನ ಹಾಕ್ಕೊಂಡೇ ಅವನು ನಿನ್ನ ಸೂರಿನ ಮಳೆನೀರಿನ ದೋಣೀಲಿ ಕಟ್ಕೊಂಡ ಎಲೆ ತೆಗೆಯೋದು. ಮಳೇಲಿ ಏಣಿ ಹತ್ತಿ." ಅವಳು ಕೂಗಲಿಲ್ಲ. ಕೂಗಿದ್ದರೆ ನನಗೂ ಒಂದು ಮಾತು ಸಿಗುತ್ತಿತ್ತು. "ನೀನೇ ಕೊಟ್ಯಾ?"

"ಹೂಂ."

ತಿರುಗಿ ಹೋದಳು. ನಾನೂ ಬೇಗ ಬಂದುಬಿಟ್ಟೆ. ಈ ಸಲ ಹಸಿ ಸೌದೆ ಹಾಕಿದ್ದಾರೆ, ಹೊಗೆಗೆ ಕಣ್ಣು ಬಿಡಲಾಗಲಿಲ್ಲ.

ಭಾನುವಾರ, ೬ ನವೆಂಬರ್

ಬರಲಿಲ್ಲ. ಮೂವರಿಗೆ ಮಾಡಿದ್ದೆ. ಆಗ್ನೆಸ್ ನಾಯಿಗೆ ಒಳ್ಳೆಯ ಊಟವಾಯಿತು.

ಭಾನುವಾರ, ೨೦ ನವೆಂಬರ್

ಒಂದು ಮೊಟ್ಟೆ ಬೇಯಿಸಿಕೊಂಡೆ.

ಗುರುವಾರ, ೨೪ ನವೆಂಬರ್

ಲೆನ್ ಮಾರ್ಕೆಟ್ಟಿಗೆ ಬಂದಿದ್ದ! ಊರು ಬಿಡುವ ಮುಂಚೆ ಎಲ್ಲರಿಗೂ ಹೇಳಿ ಹೋಗೋಣ ಅಂತ. ಎಲ್ಲಿಗೆ ಹೋಗುತ್ತಾನೆ? ಮಾರ್ಫರ್ಡ್‌ಗೆ. ಏಳು ಮೈಲಿ ಆಚೆ, ನಾವು ಹುಟ್ಟಿದಾಗಿನಿಂದ ಯಾರ ಸೋಲಿಗಾಗಿ ಪ್ರಾರ್ಥನೆ ಮಾಡುತ್ತ ಬಂದಿದ್ದೇವೋ ಆ ಮಾರ್ಫರ್ಡ್‌ನ ಮ್ಯಾನೇಜರ್ ಆಗಿ.

ನಾನು ಬರ್ನಾರ್ಡ್ ಮುಖ ನೋಡಿದೆ. "ಅವನೂ ಹೊಟ್ಟೆ ಹೊರೀಬೇಕಲ್ಲ ಹಿಲ್ಡಾ," ಅಂದ.

"ಹೊಟ್ಟೆ ಎಲ್ರಿಗೂ ಇರುತ್ತಪ್ಪ," ಅಂದೆ. ಯಾಕೆ ಅಂದೆನೋ.

ಲೆನ್ ಚಿನ್ನದಂತೆ ಹೊಳೆಯುತ್ತಿದ್ದ. ಸ್ಪೇನಿಗೆ ಹೋಗಿ ಬಿಸಿಲು ಕಾಯಿಸಿಕೊಂಡು ಬಂದಿದ್ದಾನೆ. ಸುತ್ತ ಜನ ಮುತ್ತಿಕೊಂಡರು. ಎಲ್ಲರ ಕೈ ಕುಲುಕಿದ, ಎಲ್ಲರನ್ನೂ ನಗಿಸಿದ. ನಾನು ಒಳ್ಳೆಯ ಹಳೇ ಚೀಸಿನ ದೊಡ್ಡ ತುಂಡು ಕಾಗದದಲ್ಲಿ ಸುತ್ತಿ ಕೈಗಿಟ್ಟೆ.

"ಹೆಲೆನ್, ನಿನ್ನಂಥೋರು ಇರೋದ್ರಿಂದಲೇ ಈ ಊರು ಊರಾಗಿರೋದು!" ಅಂದ. ಗದ್ದಲದಲ್ಲಿ ನಾಲಿಗೆ ತಪ್ಪಿರಬೇಕು. ಯಾರೋ ರಸೆಲ್ ಹೆಸರೆತ್ತಿದರು. ಲೆನ್ ತಲೆ ಆಡಿಸಿದ. "ರಸೆಲ್? ಪಾಪ, ಒಳ್ಳೇ ಪ್ರಾಣಿ. ನಕ್ಕರೆ ಹಲ್ಲಿಗೆ ಶೀತ ಆಗುತ್ತೆ ಅಂತ ಅವನಿಗೆ ಹೆದರಿಕೆ."

ಎಲ್ಲರೂ ನಕ್ಕರು. ನಾನೂ ನಕ್ಕೆ, ಸ್ವಲ್ಪ. ಹೊರಡುವಾಗ ನನ್ನ ಭುಜ ಹಿಡಿದು, "ಅಂದ ಹಾಗೆ, ವಾಲ್ಟರ್ ಹೇಗಿದ್ದಾನೆ?" ಅಂತ ಕೇಳಿದ.

"ಇದ್ದಲ್ಲೇ ಇದ್ದಾನೆ," ಅಂದೆ.

"ಕೇಳಿದೆ ಅಂತ ಹೇಳು!"

ಅವನಿಗೆ ಎಷ್ಟು ಜನ, ಎಷ್ಟು ಹೆಸರು. ನೆನಪಿರುವುದಾದರೂ ಹೇಗೆ? ಮಧ್ಯಾಹ್ನ ಮೂವರು ಗಿರಾಕಿಗಳಿಗೆ ತಪ್ಪು ಚೀಸ್ ಕೊಯ್ದುಕೊಟ್ಟೆ.

ಶನಿವಾರ, ೧೦ ಡಿಸೆಂಬರ್

ಗೆದ್ದೆವು, ೨–೧. ಕೆಸರಿನಲ್ಲಿ ಹಂದಿಗಳ ಹಾಗೆ ಉರುಳಾಡಿ ಗೆದ್ದರು. ಯಾರೂ ಹಾಡಲಿಲ್ಲ. ಗೆದ್ದದ್ದಕ್ಕೆ ಅರ್ಧ ಸ್ಟ್ಯಾಂಡು ಮುನಿಸಿಕೊಂಡು ಮನೆಗೆ ಹೋಯಿತು. ಬೈಯಲು ಬಂದವರಿಗೆ ಬೈಯಲು ಏನೂ ಸಿಗದಿದ್ದರೆ ಹೊಟ್ಟೆ ಉಬ್ಬರಿಸುತ್ತದೆ.

"ನಿನ್ನ ಹುಡುಗ ಎಡಗಡೆ ಗಟ್ಟಿ ಮಾಡಿದ್ದಾನೆ," ಅಂದಳು ಆಗ್ನೆಸ್.

"ನನ್ನ ಹುಡುಗ ಅಲ್ಲ," ಅಂದೆ. ಗಟ್ಟಿ ಮಾಡಿರುವುದು ನಿಜ. ಎಂಟು ವಾರ ಬೇಕಾಯಿತು, ಬೇರೆ ಯಾರಾದರೂ ಎರಡೇ ದಿನದಲ್ಲಿ ಮಾಡುತ್ತಿದ್ದರು.

ಮೈ ಮೇಲೆ ಒಂದು ತೆಳು ರೇನ್‌ಕೋಟು ಬಿಟ್ಟರೆ ಏನೂ ಇರಲಿಲ್ಲ ಅವನಿಗೆ. ಕೈ ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದ. ಬುದ್ಧಿ ಇದ್ದವರು ಡಿಸೆಂಬರಿನಲ್ಲಿ ಹಾಗೆ ಬರುತ್ತಾರೆಯೇ?

ರೋಡಾ ಇನ್ನೂ ಫೋನ್ ಎತ್ತುತ್ತಿಲ್ಲ.

ಸೋಮವಾರ, ೨೬ ಡಿಸೆಂಬರ್

ಕ್ರಿಸ್‌ಮಸ್ಸಿನ ಮರುದಿನದ ಪಂದ್ಯ. ಎದುರಾಳಿ ಮಾರ್ಫರ್ಡ್. ಅವರ ಬೆಂಚಿನ ಮುಂದೆ ಉದ್ದ ಕರಿ ಕೋಟು ತೊಟ್ಟು ಲೆನ್.

ಹುಟ್ಟಿದಾಗಿನಿಂದ ಎಷ್ಟೋ ಮೂರ್ಖತನ ನೋಡಿದ್ದೇನೆ. ಇವತ್ತಿನದಕ್ಕೆ ಸಾಟಿಯಿಲ್ಲ.

ಲೆನ್ ಆಟಗಾರರು ಬರುವ ಸುರಂಗದಿಂದ ಹೊರಗೆ ಬಂದ ಕೂಡಲೇ ನಮ್ಮ ಸ್ಟ್ಯಾಂಡು, ನಮ್ಮ ಸ್ಟ್ಯಾಂಡು, ಎದ್ದು ಹಾಡಿತು. ಅವನು ಕೈ ಬೀಸಿದ. ಬರ್ನಾರ್ಡ್ ಅತ್ತ. ಸರಿ, ಹಳೆಯ ಮನುಷ್ಯ, ಒಂದು ಸಲ ಹಾಡಲಿ ಅಂದುಕೊಂಡೆ. ಸೀಟಿ ಊದಿದ ಮೇಲೂ ನಿಲ್ಲಿಸಲಿಲ್ಲ. ನಮ್ಮ ಹುಡುಗರು ಚೆಂಡು ಮುಟ್ಟಿದಾಗಲೆಲ್ಲ ರಸೆಲ್‌ಗೆ ಬೈಗುಳ, ಮಾರ್ಫರ್ಡ್‌ನವರು ಮುಟ್ಟಿದಾಗ ಲೆನ್‌ಗೆ ಹಾಡು. ಅರ್ಧ ಆಟ ಮುಗಿದು ಸ್ವಲ್ಪ ಹೊತ್ತಿಗೆ ಅವರು ಕಾರ್ನರಿನಿಂದ ಗೋಲು ಹೊಡೆದರು. ಲೆನ್ ನಮ್ಮ ಕಡೆ ತಿರುಗಿ ಮುಷ್ಟಿ ಎತ್ತಿದ. ನಮ್ಮವರು ಕುಣಿದರು! ಮಾರ್ಫರ್ಡ್ ನಮ್ಮ ಮನೆಗೆ ಬಂದು ಗೋಲು ಹೊಡೆಯಿತು, ನಮ್ಮ ಜನ ಚಪ್ಪಾಳೆ ತಟ್ಟಿದರು.

ನಾನು ಹಿಂದೆ ತಿರುಗಿದೆ. "ಯಾರಿಗೆ ಚಪ್ಪಾಳೆ ಹೊಡೀತಿದ್ದೀಯೋ ಬರ್ನಾರ್ಡ್?"

"ಲೆನ್‌ಗೆ ಕಣೇ! ನಮ್ಮ ಲೆನ್!"

"ಅವನು ಕತ್ತಿಗೆ ಸುತ್ತಿರೋ ಮಫ್ಲರ್ ಯಾವ ಬಣ್ಣದ್ದು ನೋಡೋ ಕುರುಡ. ನಿಮ್ಮಪ್ಪ ಬದುಕಿದ್ದಿದ್ರೆ ನಿನ್ನ ಈ ಮೆಟ್ಟಿಲಿಂದ ಕೆಳಗೆ ಉರುಳಿಸ್ತಿದ್ದ."

"ಓಹೋ, ಈಗ ಅಳಿಯನ ಮೇಲೆ ಅಕ್ಕರೆ ಉಕ್ತಾ?" ಅಂದ. ಸುತ್ತ ಇದ್ದವರು ನಕ್ಕರು. ಅಷ್ಟರಲ್ಲಿ ಮೇಲಿನಿಂದ ಯಾರೋ ಅರ್ಧ ತಿಂದ ಮಾಂಸದ ಪೈ ಎಸೆದರು. ಅದು ಹೋಗಿ ರಸೆಲ್ ಬೆನ್ನಿಗೆ ಬಡಿಯಿತು. ಗ್ರೇವಿ ರೇನ್‌ಕೋಟಿನ ಮೇಲೆ ಇಳಿಯಿತು. ಅವನು ತಿರುಗಿ ನೋಡಲಿಲ್ಲ. ಕೈ ಎತ್ತಿ ಎಡಗಡೆಯ ಹುಡುಗನಿಗೆ ಹಿಂದೆ ಬಾ ಅಂತ ತೋರಿಸಿದ, ಅಷ್ಟೆ.

ಬರ್ನಾರ್ಡ್ ಬಾಯಿಯ ಈರುಳ್ಳಿ ನಾತ ತಡೆಯಲಾಗುತ್ತಿರಲಿಲ್ಲ. ಅದಕ್ಕೇ ಕೆಳಗೆ ಇಳಿದೆ. ಆಗ್ನೆಸ್ "ಎಲ್ಲಿಗೇ?" ಅಂದಳು. ಜನರನ್ನು ತಳ್ಳಿಕೊಂಡು, ಮೈದಾನದ ಅಂಚಿನ ಗೋಡೆಯವರೆಗೆ ಹೋದೆ. ಗೋಡೆ ಮಂಡಿಯೆತ್ತರ. ದಾಟಿದೆ. ಹಳದಿ ಜಾಕೆಟ್ಟಿನವನೊಬ್ಬ ಓಡಿ ಬಂದ.

"ಅಜ್ಜೀ, ಇಲ್ಲಿಗೆ ಬರೋ ಹಾಗಿಲ್ಲ."

"ಯಾರೋ ನಿಂಗೆ ಅಜ್ಜಿ? ಪೈ ಎಸೆದವನನ್ನ ಹಿಡಿ ಹೋಗು."

"ನೀವು ಯಾರು ಅಂತ..."

"ಅವನ ಅತ್ತೆ!" ಅಂದೆ. ಸ್ವಲ್ಪ ಜೋರಾಗಿಯೇ ಬಂತು ಅಂತ ಕಾಣುತ್ತದೆ. ಮುಂದಿನ ಸಾಲುಗಳೆಲ್ಲ ಗೊಳ್ಳೆಂದು ನಕ್ಕವು. ನಗಲಿ. ನಗುವುದಕ್ಕಾದರೂ ಲೆನ್ ಹೆಸರು ಹಾಡುವುದು ನಿಲ್ಲಿಸಿದರಲ್ಲ.

ಕರವಸ್ತ್ರ ತೆಗೆದು ಅವನ ಬೆನ್ನು ಒರೆಸಿದೆ. ರಸೆಲ್ ತಿರುಗಿದ. ಮೂಗು ಕೆಂಪಾಗಿತ್ತು.

"ಅತ್ತೆ, ಇಲ್ಲಿ ಗಾಳಿ ಜಾಸ್ತಿ."

"ಆಟ ನೋಡು," ಅಂದೆ.

ಕೊನೆಯವರೆಗೂ ಬೆಂಚಿನ ಹಿಂದೆಯೇ ನಿಂತೆ. ಯಾರೂ ಏನೂ ಎಸೆಯಲಿಲ್ಲ. ೦–೧ಕ್ಕೆ ಸೋತೆವು. ಕೊನೆಯಲ್ಲಿ ಲೆನ್ ಬಂದು ರಸೆಲ್ ಕೈ ಕುಲುಕಿದ, ನನ್ನನ್ನು ನೋಡಿ ಕಣ್ಣು ಹೊಡೆದ. ಮಾರ್ಫರ್ಡ್‌ನವನ ಜೊತೆ ನನಗೇನು ಕೆಲಸ?

ಮಂಗಳವಾರ, ೨೭ ಡಿಸೆಂಬರ್

ಮಾರ್ಕೆಟ್ಟಿನಲ್ಲಿ ಗಿರಾಕಿ ಇರಲಿಲ್ಲ. ಹನ್ನೊಂದರ ಹೊತ್ತಿಗೆ ರೋಡಾ ಬಂದು ಅಂಗಡಿಯ ಮುಂದೆ ನಿಂತಳು. ಆಟಗಾರರ ಹೆಂಡತಿಯರು ಕೂರುವ ಕಡೆಯಿಂದ ನಿನ್ನೆ ಎಲ್ಲ ನೋಡಿದಳಂತೆ.

"ಅರ್ಧ ಪೌಂಡು ಕೊಡು. ಅವನು ತಿನ್ನೋದು ಕೊಡು," ಅಂದಳು.

ಕೊಯ್ದೆ. ಕೊಯ್ಯುವಾಗ ಅವಳೇ ಹೇಳಿದಳು. "ಮೊದಲ ಚಳಿ ದಿನ ಕೋಟು ಹುಡುಕಿದ. ನಿನ್ನ ಮನೆಯಿಂದ ತರುವಾಗ ಬಸ್ಸಲ್ಲಿ ಬಿಟ್ಟುಬಂದೆ ಅಂತ ನಾನೇ ಹೇಳಿದೆ. ಅವನಿಗೆ ಗೊತ್ತಿಲ್ಲ. ಗೊತ್ತಾಗೋದೂ ಬೇಡ."

"ಗೊತ್ತಾದ್ರೆ ಏನು ಮಾಡ್ತಾನೆ ಮಹಾ?"

"ಏನೂ ಮಾಡಲ್ಲ. ಅದಕ್ಕೇ ಬೇಡ."

ಏನೋ ಹೇಳಬೇಕು ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಯಾರೋ ಮೊಟ್ಟೆ ಕೇಳಿಕೊಂಡು ಬಂದರು. ಮೊಟ್ಟೆ ಎಣಿಸಿ ತಿರುಗುವ ಹೊತ್ತಿಗೆ ರೋಡಾ ಕೈಗವಸು ಬಿಚ್ಚಿ, ಅಂಗಡಿಯ ಒಳಗೆ ಬಂದು, ತಟ್ಟೆ ತೊಳೆಯುತ್ತಿದ್ದಳು. "ನಿನ್ನ ಕೈ ಒಡೆದಿದೆ, ನೀರಿಗೆ ಹಾಕಬೇಡ," ಅಂದಳು. ತುಂಬಾ ಯಜಮಾನಿಕೆ ಮಾಡುತ್ತಾಳೆ, ಅವರಪ್ಪನ ಹಾಗೆ.

ಶನಿವಾರ, ೭ ಜನವರಿ ೧೯೯೫

ಡ್ರಾ, ೧–೧. ಈಗ ನಾನೂ ಆಗ್ನೆಸ್ಸೂ ಕೆಳಗೆ ಗೋಡೆ ಪಕ್ಕ ನಿಲ್ಲುತ್ತೇವೆ. ಮೇಲೆ ಹತ್ತಿದರೆ ಮಂಡಿ ನೋಯುತ್ತದೆ.

ಬರ್ನಾರ್ಡ್ ಮಾತು ಬಿಟ್ಟಿದ್ದಾನೆ. ಮಾರ್ಕೆಟ್ಟು ಎಷ್ಟು ಶಾಂತವಾಗಿದೆ ಅಂದರೆ, ಇದನ್ನು ಹತ್ತು ವರ್ಷದ ಹಿಂದೆಯೇ ಮಾಡಬೇಕಿತ್ತು.

ಭಾನುವಾರ, ೨೨ ಜನವರಿ

ನಿನ್ನೆ ಸೋತದ್ದು ೦–೨. ಗೋಲ್‌ಕೀಪರನಿಗೆ ಜ್ವರ, ಬದಲಿಗೆ ನಿಂತ ಹುಡುಗನ ಕೈ ಬೆಣ್ಣೆ. ಅದಕ್ಕೂ ರಸೆಲ್‌ನನ್ನೇ ಬೈದರು. ಊರಿನಲ್ಲಿ ಬ್ರೆಡ್ಡು ಸೀದರೂ ಅವನನ್ನೇ ಬೈಯುತ್ತಾರೆ.

ಇವತ್ತು ಇಬ್ಬರೂ ಊಟಕ್ಕೆ ಬಂದರು. ದನದ ಮಾಂಸ, ಆಲೂಗಡ್ಡೆ, ಆಮೇಲೆ ಸೇಬಿನ ಪುಡ್ಡಿಂಗು ಮಾಡಿದ್ದೆ. ರಸೆಲ್ ಸೊರಗಿದ್ದಾನೆ. ಕತ್ತಿನ ಪಟ್ಟಿಯೊಳಗೆ ಇನ್ನೊಂದು ಕತ್ತು ಹಿಡಿಸುತ್ತದೆ. ಮಾಂಸದ ನಡುವಿನ ತುಂಡು ಹಾಕಿದೆ. "ಸಾಕು ಅತ್ತೆ," ಅಂದ. ಸಾಕೋ ಬೇಕೋ ಹೇಳಲು ಇವನು ಯಾರು?

ಪುಡ್ಡಿಂಗು ಬಡಿಸುವಾಗ ಫೋನು ಹೊಡೆದುಕೊಂಡಿತು. ಹಜಾರಕ್ಕೆ ಹೋಗಿ ಎತ್ತಿದೆ.

"ಮಿಸೆಸ್ ರಾತ್‌ವೆಲ್ ಅವರಾ? ಕ್ಲೈವ್ ಸ್ಪೆಲ್ಮನ್ ಮಾತಾಡ್ತಿರೋದು. ರಸೆಲ್ ಅಲ್ಲಿದ್ದಾರೆ ಅಂತ ಗೊತ್ತಾಯ್ತು. ಸ್ವಲ್ಪ ಕರೀತೀರಾ?"

ಸಕ್ಕರೆ ಪಾಕದಲ್ಲಿ ಅದ್ದಿದ ದನಿ. ಭಾನುವಾರ ಮಧ್ಯಾಹ್ನ ಒಬ್ಬ ಚೇರ್ಮನ್ ಇಂಥ ದನಿಯಲ್ಲಿ ಫೋನ್ ಮಾಡಿದರೆ ಅದು ಯಾವುದಕ್ಕೆ ಅಂತ ಸ್ಟಾನ್‌ಬೆಕ್‌ನಲ್ಲಿ ನಾಯಿಗೂ ಗೊತ್ತು.

"ಊಟ ಮಾಡ್ತಿದ್ದಾನೆ," ಅಂದೆ.

"ಒಂದೇ ನಿಮಿಷದ ಮಾತು."

"ಗೊತ್ತು ಒಂದೇ ನಿಮಿಷದ್ದು ಅಂತ. ಅಷ್ಟು ಚಿಕ್ಕ ಮಾತಿಗೆ ಅಷ್ಟೇನು ಅವಸರ?"

"ನೋಡಿ ಅಮ್ಮಾ, ಇದು ಕ್ಲಬ್ಬಿನ ವಿಷಯ. ನಾಳೆ ಪತ್ರಿಕೆಗೆ ಹೇಳೋ ಮುಂಚೆ ಅವರಿಗೆ ನಾನೇ ತಿಳಿಸಬೇಕು ಅಂತ..."

"ಅದು ನಿಮ್ಮ ಕ್ಲಬ್ಬು, ಇದು ನನ್ನ ಮನೆ," ಅಂದೆ. "ಇಲ್ಲಿ ತಟ್ಟೆ ಮುಂದೆ ಕೂತವನನ್ನ ಎಬ್ಬಿಸೋ ಪದ್ಧತಿ ಇಲ್ಲ. ಸಾಯಂಕಾಲ ಮಾಡಿ."

ಫೋನು ಇಟ್ಟೆ. ಒಳಗೆ ಬಂದರೆ ಇಬ್ಬರೂ ಚಮಚ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದರು. ರೋಡಾ ಮುಖ ಬಿಳುಪಾಗಿತ್ತು. ರಸೆಲ್‌ಗೆ ಕೇಳಿಸಿತ್ತು. ಈ ಮನುಷ್ಯನ ಕಿವಿಗೆ ನನ್ನ ದನಿ ಎಲ್ಲಿಂದಲಾದರೂ ತಲುಪುತ್ತದೆ.

"ಅವರೇನಾ?" ಅಂದ.

"ಬೇಸಿನ್ ಮಾರೋನು. ನಮಗೆ ಬೇಡ ಅಂದೆ."

ರೋಡಾ ಮೊದಲು ನಕ್ಕಳು, ಆಮೇಲೆ ಅಂಗೈಯಿಂದ ಕಣ್ಣು ಮುಚ್ಚಿಕೊಂಡಳು. ರಸೆಲ್ ಅವಳ ಬೆನ್ನ ಮೇಲೆ ಕೈಯಿಟ್ಟ. ಆಮೇಲೆ ಕುರ್ಚಿ ಹಿಂದೆ ಸರಿಸಿದ. "ನಾನೇ ಮಾಡಿಬಿಡ್ತೀನಿ ಅತ್ತೆ. ಅವರಿಗೂ ಸುಲಭ ಅಲ್ಲ ಇದು."

ಅವರಿಗೂ ಸುಲಭ ಅಲ್ಲವಂತೆ! ಕತ್ತು ಕೊಯ್ಯುವವನ ಕೈ ನೋಯುತ್ತದೆ ಅಂತ ಯೋಚಿಸುವ ಕುರಿ. ಇಂಥವನನ್ನು ಕಟ್ಟಿಕೊಂಡು ನನ್ನ ಮಗಳು ಹೇಗೆ ಬಾಳಬೇಕು?

"ಕೂತ್ಕೋ," ಅಂದೆ. ಕೂತ.

ಕಸ್ಟರ್ಡ್ ಆರಿ ಕೆನೆ ಕಟ್ಟಿತ್ತು. ಬಿಸಿ ಮಾಡಿ ತಂದು ಅವನ ಬೋಗುಣಿಗೆ ಸುರಿದೆ. ಫೋನು ಮತ್ತೆ ಹೊಡೆದುಕೊಳ್ಳತೊಡಗಿತು. ಉದ್ದಕ್ಕೆ ಹೊಡೆದುಕೊಂಡಿತು, ನಿಂತಿತು, ಮತ್ತೆ ಶುರುವಾಯಿತು.

"ಅತ್ತೆ, ಅವರು ಬಿಡಲ್ಲ," ಅಂದ ರಸೆಲ್.

"ಬಡ್ಕೊಳ್ಳಲಿ. ನೀನು ತಿನ್ನು ಮಗಾ," ಅಂದೆ.

ತಿಂದ. ಎರಡನೇ ಸಲವೂ ಹಾಕಿಸಿಕೊಂಡ. ಪಾತ್ರೆಯಲ್ಲಿ ನನಗೆ ಅಂತ ಒಂದು ಚಮಚವೂ ಉಳಿಯಲಿಲ್ಲ.